ತಲೆ ಬಗ್ಗಿಸದ ಪತಂಗ

ಬಹಳ ಹಿಂದೆ, ಹುಲ್ಲಿಗೂ ಹೆಸರಿಟ್ಟು ಕರೆಯುತ್ತಿದ್ದ ಕಾಲದಲ್ಲಿ, ಕರಡಗಿರಿ ಎಂಬ ರಾಜ್ಯವಿತ್ತು. ಊರ ಸುತ್ತ ಕಣ್ಣು ಹಾಯುವಷ್ಟೂ ಹುಲ್ಲುಗಾವಲು. ಅಲ್ಲಿನ ರಾಜನಿಗೆ ಮಗ ಸಿಂಗರಾಜ, ಮಗಳು ಹೊನ್ನಾಜಮ್ಮ.

ಸಿಂಗರಾಜ ಒಳ್ಳೆಯವನೇ. ಆದರೆ ಯಾರಿಗೂ, ಯಾವುದಕ್ಕೂ ತಲೆ ಬಗ್ಗಿಸುವವನಲ್ಲ. ಅರಮನೆಯ ಅಡುಗೆಮನೆ ಬಾಗಿಲು ಗಿಡ್ಡ. ಬಗ್ಗು ಮಾರಾಯ ಅಂದರೆ ಬಗ್ಗುವುದುಂಟೇ? ದಿನವೂ ಹಣೆ ಹೊಡೆಸಿಕೊಳ್ಳುತ್ತಿದ್ದ. ದಿನವೂ ಅರಿಸಿನ ಅರೆದು ಹಚ್ಚುವವಳು ಹೊನ್ನಾಜಮ್ಮ. ಅವಳಿಗಂತೂ ಸಾಕುಸಾಕಾಗಿಹೋಗಿತ್ತು.

ಒಂದು ದಿನ ಬೂದಿಗಣ್ಣನೆಂಬ ಮಾಯಗಾರ ಬಂದು, "ಹೊನ್ನಾಜಮ್ಮನನ್ನು ನನಗೆ ಕೊಡಿ" ಅಂದ.

"ಹೋಗಯ್ಯಾ ಆಚೆ!" ಅಂದ ಸಿಂಗರಾಜ.

ಬೂದಿಗಣ್ಣ ಒಂದು ಹಿಡಿ ಬೂದಿ ಊದಿದ. ಸಿಂಗರಾಜ ಪತಂಗವಾಗಿ ಕಿಟಕಿಯಿಂದ ಹುಲ್ಲುಗಾವಲಿಗೆ ಹಾರಿಹೋದ.

"ನಿನ್ನ ಅಣ್ಣ ಈಗ ಹುಲ್ಲಿನ ಪತಂಗ" ಅಂದ ಮಾಯಗಾರ. "ಮೂರು ಸಲ ಕರೆಯಬಹುದು. ಅವನನ್ನೇ ಗುರುತಿಸಿ ಹೆಸರು ಹಿಡಿದು ಕರೆದರೆ ಅವನು ಮನುಷ್ಯ, ನಾನು ಪತಂಗ. ಮೂರೂ ತಪ್ಪಿದರೆ ಅವನು ಹುಳುವಾಗಿಯೇ ಸಾಯುತ್ತಾನೆ, ನೀನು ನನ್ನ ಹೆಂಡತಿ."

ಇಷ್ಟು ಸ್ಪಷ್ಟವಾಗಿ ಹೇಳಿದನಲ್ಲ, ಅದಾದರೂ ಆಸ್ಥಾನದವರ ಕಿವಿಗೆ ಬಿತ್ತೇ? ಮಂತ್ರಿಗಳು ದೂರದ ಕಾಡಿಗೆ ಹೋಗಿ, ಅಂಗೈ ಅಗಲದ, ರೆಕ್ಕೆಯ ಮೇಲೆ ಕಣ್ಣಿನ ಗುರುತಿದ್ದ ದೊಡ್ಡ ಪತಂಗವನ್ನು ಹಿಡಿದು ತಂದರು.

"ಮಂತ್ರಿಗಳೇ, ಅವನು ಹೇಳಿದ್ದು ಹುಲ್ಲಿನ ಪತಂಗ. ಇದು ಮರದ ಮೇಲಿನದು" ಅಂದಳು ಹೊನ್ನಾಜಮ್ಮ.

"ಅಮ್ಮಣ್ಣೀ, ರಾಜಕುಮಾರರು ಅಂದರೆ ಸಾಮಾನ್ಯವೇ? ಈ ಠೀವಿ ನೋಡಿ!"

ಆಸ್ಥಾನಕ್ಕೆ ಆಸ್ಥಾನವೇ ಹೌದು ಹೌದು ಅಂದಿತು. ಅವರ ಕಾಟ ತಾಳಲಾರದೆ ಅವಳು "ಸಿಂಗಣ್ಣಾ" ಅಂದಳು. ಪತಂಗ ಪತಂಗವಾಗಿಯೇ ಉಳಿಯಿತು. ಬೂದಿಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಮುಂದಿನದು ರಾಜನ ಬುದ್ಧಿವಂತಿಕೆ. "ಹುಲ್ಲಿರುವುದಕ್ಕೇ ತಾನೇ ಮಗ ಕಾಣದಿರುವುದು? ಹುಲ್ಲು ಕೊಯ್ಯಿರಿ!" ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ, ಹಾಗೆ. ಹೊನ್ನಾಜಮ್ಮ ಓಡಿ ಬರುವಷ್ಟರಲ್ಲಿ ಅರ್ಧ ಹುಲ್ಲುಗಾವಲು ಬೋಳು. ಸಿಕ್ಕ ಪತಂಗಗಳನ್ನೆಲ್ಲ ಬೆಳ್ಳಿ ಪಂಜರಕ್ಕೆ ತುಂಬಿ, ಮಲ್ಲಿಗೆ ಹಾಸಿ, ಜೇನಿಟ್ಟು, ಪನ್ನೀರು ಚಿಮುಕಿಸಿದ್ದರು. ಉಪಚಾರವೋ ಉಪಚಾರ! ಸಂಜೆಯ ಹೊತ್ತಿಗೆ ಅವು ಒಂದೊಂದಾಗಿ ಉದುರಿಬಿದ್ದವು. ಕೊನೆಗೆ ಒಂದೇ ಒಂದು ರೆಕ್ಕೆ ಬಡಿಯುತ್ತಿತ್ತು. ಇವನೇ ಆಗಿದ್ದರೆ? ಕಣ್ಣೆದುರೇ ಸತ್ತರೆ? ಹೆದರಿ "ಸಿಂಗಣ್ಣಾ!" ಎಂದು ಕೂಗಿಬಿಟ್ಟಳು.

ಅದೂ ಅಲ್ಲ.

ಆಗ ಹೊನ್ನಾಜಮ್ಮನ ತಲೆ ಕೆಟ್ಟಿತು. ಕುಡುಗೋಲುಗಳ ಮುಂದೆ ಹೋಗಿ ನಿಂತಳು. "ಅಪ್ಪಾಜಿ, ಅಣ್ಣ ಇರುವ ಮನೆಯನ್ನೇ ಕೊಯ್ದು ಅಣ್ಣನನ್ನು ಹುಡುಕುತ್ತೀರಾ? ನಿಮ್ಮ ಬುದ್ಧಿಗಿಷ್ಟು! ಉಳಿದ ಹುಲ್ಲಿನ ಒಂದು ಎಸಳು ಮುಟ್ಟಿದರೆ ನೋಡಿ. ಎಲ್ಲರೂ ಮನೆಗೆ ನಡೆಯಿರಿ!"

ಬೆಳಗ್ಗೆ ಒಬ್ಬಳೇ ಉಳಿದ ಹುಲ್ಲಿನೊಳಗೆ ಹೋಗಿ ಕೂತಳು. ಮೊದಲು ಏನೂ ಕಾಣಲಿಲ್ಲ. ಅಣ್ಣನಿಗೆ ಮನಸಾರೆ ಬೈದಳು. ಬೈದು ದಣಿದು ಸುಮ್ಮನಾದ ಮೇಲೆ ಒಂದೊಂದೇ ಕಾಣತೊಡಗಿತು. ಬೋಳು ನೆಲದಲ್ಲಿ ಒಂದೂ ಪತಂಗವಿಲ್ಲ. ಎತ್ತರದ ಕರಡದ ಹುಲ್ಲಿನಲ್ಲಿ ಮಾತ್ರ ಇವೆ: ಒಣಹುಲ್ಲಿನ ಬಣ್ಣ, ಬೆನ್ನುದ್ದಕ್ಕೆ ಒಂದು ಬಿಳಿ ಗೀರು. ಸದ್ದಾದರೆ ಚೂರು ದೂರ ಹಾರಿ, ಇನ್ನೊಂದು ಕಡ್ಡಿಗೆ ಕೂತು, ರೆಕ್ಕೆಯನ್ನು ಮೈಗೆ ಸುತ್ತಿ, ತಲೆ ಕೆಳಗೆ ಮಾಡಿಕೊಂಡರೆ ಮುಗಿಯಿತು, ಕಡ್ಡಿಯೇ ಆಗಿಬಿಡುತ್ತಿದ್ದವು. ಬುಡದಲ್ಲಿ ಅವುಗಳ ಮರಿಹುಳುಗಳು ನೂಲಿನ ಗೂಡು ಕಟ್ಟಿಕೊಂಡು ಹುಲ್ಲು ಮೆಲ್ಲುತ್ತಿದ್ದವು. ಪಂಜರದಲ್ಲಿ ಹುಲ್ಲಿಲ್ಲದೆ ಸತ್ತವುಗಳನ್ನು ನೆನೆದು ಮನಸ್ಸಿನಲ್ಲೇ ಅಪ್ಪನಿಗೂ ಬೈದಳು.

ಎಲ್ಲವೂ ಒಂದೇ ಬಣ್ಣ, ಒಂದೇ ಗೀರು. ಎಲ್ಲವೂ ತಲೆ ಕೆಳಗೆ. ಇದರಲ್ಲಿ ಅಣ್ಣ ಯಾವನು? ಅಳು ಬರುವಂತಾಗಿ ತಲೆ ಎತ್ತಿದಳು. ಎದುರಿನ ಕಡ್ಡಿಯ ತುದಿಯಲ್ಲಿ ಒಂದು ಪತಂಗ, ತಲೆ ಮೇಲೆ ಮಾಡಿ, ಎದೆ ಸೆಟೆಸಿ ಕೂತಿತ್ತು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ!

ಅವಳಿಗೆ ಕಂಡದ್ದು ಕಾಜಾಣಕ್ಕೂ ಕಂಡಿತ್ತು. ಆ ಕರಿ ಹಕ್ಕಿ ಮೇಲಿಂದ ನೇರ ಎರಗಿತು.

"ಸಿಂಗಣ್ಣಾ! ತಲೆ ಬಗ್ಗಿಸೋ ಪುಣ್ಯಾತ್ಮ!" ಎಂದು ಕಿರುಚಿದಳು.

ಸಿಂಗರಾಜ ಮನುಷ್ಯನಾಗಿ ಹುಲ್ಲಿನ ಮೇಲೆ ದೊಪ್ಪನೆ ಬಿದ್ದ. ಮೂರನೆಯ ಕರೆಯೂ ತಪ್ಪುವುದನ್ನು ನೋಡಲೆಂದು ಆಗಷ್ಟೇ ಬಂದು ಪಕ್ಕದಲ್ಲೇ ನಗುತ್ತಾ ನಿಂತಿದ್ದ ಬೂದಿಗಣ್ಣ ಆಡಿದ ಮಾತಿನಂತೆ ಪತಂಗವಾದ. ಅವನಿಗಾದರೂ ಹುಲ್ಲಿನ ರೀತಿ ಏನು ಗೊತ್ತು? ಅದೇ ಕಡ್ಡಿಯ ಮೇಲೆ ತಲೆ ಎತ್ತಿ ಕೂತ. ಕಾಜಾಣ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಲಿಲ್ಲ, ಅವನನ್ನೇ ನುಂಗಿ ಹಾರಿತು.

ಮುಂದಿನ ಮಳೆಗೆ ಬೋಳು ನೆಲದಲ್ಲಿ ಕರಡ ಮತ್ತೆ ಎದ್ದಿತು. ಆ ಹುಲ್ಲುಗಾವಲಿಗೆ ಮತ್ತೆಂದೂ ಕುಡುಗೋಲು ಬೀಳಲಿಲ್ಲ. ಕರಡಗಿರಿಯ ಜನ, ದನ, ಹುಳು, ಹುಪ್ಪಟೆ ಎಲ್ಲ ಸುಖವಾಗಿದ್ದರು.

ಆದರೆ ಅಣ್ಣ ಮತ್ತೆ ಮನುಷ್ಯನಾದ ದಿನ ಸಂಜೆಯದೊಂದು ಮಾತು ಉಳಿದಿದೆ. ಸಿಂಗರಾಜ ಅಡುಗೆಮನೆ ಬಾಗಿಲ ಮುಂದೆ ನಿಂತ. ತಂಗಿಯ ಮುಖ ನೋಡಿದ. ಹುಟ್ಟಿದಾರಭ್ಯ ಮೊದಲ ಸಲ ತಲೆ ಬಗ್ಗಿಸಿದ. ಎಲ್ಲರೂ ಉಸಿರು ಬಿಟ್ಟರು. ಬಗ್ಗಿ ಅಭ್ಯಾಸವಿದ್ದರಲ್ಲವೇ? ಬಾಗಿಲು ದಾಟುವ ಮೊದಲೇ ತಲೆ ಎತ್ತಿಬಿಟ್ಟ. ದಡ್!

ಹೊನ್ನಾಜಮ್ಮ ಹಣೆ ಚಚ್ಚಿಕೊಂಡು ಅರಿಸಿನದ ಕೊಂಬು ತೆಗೆದುಕೊಂಡಳು. ಬೈಯುತ್ತಾ ಅರೆದಳು, ಅರೆಯುತ್ತಾ ಅತ್ತಳು, ಅಳುತ್ತಲೇ ಅಣ್ಣನ ಹಣೆಗೆ ಹಚ್ಚಿದಳು.