ಡಿಸ್ಕಿನಲ್ಲಿಲ್ಲದ ರಸ್ತೆ

ಬೀಗ ತೆಗೆದು ಒಳಗೆ ಕಾಲಿಟ್ಟ ಅನ್ವರಿ ಅಲ್ಲೇ ನಿಂತುಬಿಟ್ಟಳು. ಟಿವಿ ಇತ್ತು. ಅದಕ್ಕೆ ಜೋಡಿಸಿದ್ದ ಆಟದ ಡಬ್ಬಿ, ಗೇಮ್ ಕನ್ಸೋಲ್, ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಂದಿ ದುಡ್ಡು ಕೊಟ್ಟು ಆಡುವ ಬಸವಕಲ್ಯಾಣದ ಆ ಪುಟ್ಟ ಅಂಗಡಿ ನಡೆಯುತ್ತಿದ್ದುದೇ ಅದರಿಂದ.

2009ರ ನವೆಂಬರ್, ಸೋಮವಾರ. ಸಬ್ ಇನ್‌ಸ್ಪೆಕ್ಟರ್ ವಿದ್ಯಾವತಿ ಬೀಗವನ್ನು ತಿರುಗಿಸಿ ನೋಡಿದಳು. ಒಂದು ಗೀರೂ ಇಲ್ಲ.

"ಇನ್ನೊಂದು ಕೀಲಿ ಯಾರ ಹತ್ರ ಅದ?"

"ರಿಪೇರಿ ನರಸಿಂಗನ ಹತ್ರ ರೀ. ನಿನ್ನೆ ನಾ ನಿರ್ಣಾ ಊರಿಗೆ ಶಾದಿಗೆ ಹೋಗಿದ್ದೆ. ಆದ್ರ ಅವ ಅಂಥಾವ ಅಲ್ರಿ."

*

ಠಾಣೆಯಲ್ಲಿ ನರಸಿಂಗ ವಿದ್ಯಾವತಿಯ ಎದುರು ನಿಂತಿದ್ದ.

"ಡಬ್ಬಿ ಕಡೀಕ ಮುಟ್ಟಿದಾಂವ ನಾನೇ ಖರೆ ರೀ. ಶುಕ್ರವಾರ ನೆಟ್ ಹಚ್ಚಿ ಕಾರ್ ರೇಸ್ ಆಟಕ್ಕ ಅಪ್‌ಡೇಟ್ ಹಾಕೀನಿ. ಮೂರು ತಾಸು ಹಿಡೀತು."

"ಅಪ್‌ಡೇಟ್ ಅಂದ್ರ?"

"ಆಟ ಡಿಸ್ಕಿನಾಗ ಇರ್ತದ. ಕಂಪನಿ ಆಮ್ಯಾಗ ಕಳಿಸೋ ತಿದ್ದುಪಡಿ ಡಬ್ಬಿಯೊಳಗ ಬ್ಯಾರೆ ಫೈಲಾಗಿ ಕುಂದರ್ತದ. ಈ ಸಲ ಮರಳುಗಾಡಿನ ಹೊಸ ರಸ್ತೆ ಬಂದದ."

"ಮಂದಿ ಆಡಿದ್ದು ಎಲ್ಲಿ ಉಳೀತದ?"

"ಅದು ಮತ್ತೊಂದು ಫೈಲ್ ರೀ. ಸೇವ್ ಅಂತಾರ."

ವಿದ್ಯಾವತಿಗೆ ಕುತೂಹಲ ಹುಟ್ಟಿತು. "ಶನಿವಾರ ಎಲ್ಲಿದ್ದಿ?"

"ಹುಮನಾಬಾದಿನಾಗ, ಶ್ರೀಮಂತನ ಗೇಮ್ ಅಂಗಡಿಯಾಗ. ಅವನ ಡಬ್ಬಿ ಸುಟ್ಟಿತ್ತು. ರಿಪೇರಿ ಆಗಲಿಲ್ಲ. ಅನ್ವರಿ ಅಂಗಡಿ ಕೀಲಿ ನನ್ನ ಚೀಲದಾಗಿತ್ತು. ಚೀಲ ಅಲ್ಲೇ ಬಿಟ್ಟು ಊಟಕ್ಕ ಹೋಗಿದ್ದೆ."

*

ಹುಮನಾಬಾದಿನ ಅಂಗಡಿಯಲ್ಲಿ ಕನ್ಸೋಲ್ ಓಡುತ್ತಲೇ ಇತ್ತು. ಹಿಂಬದಿಯ ನಂಬರ್ ಚೀಟಿ ಮಾತ್ರ ಕೆರೆದುಹೋಗಿತ್ತು.

"ಎರಡು ವರ್ಷದಿಂದ ನಂದೇ ರೀ," ಎಂದ ಶ್ರೀಮಂತ. "ಹೊರಗ ಒಯ್ದೇ ಇಲ್ಲ."

"ನೆಟ್ ಹಚ್ಚಿದ್ರೇನು?"

"ನಮ್ಮಲ್ಲಿ ಫೋನ್ ಲೈನೇ ಇಲ್ರಿ."

ಸೇವ್ ಫೈಲುಗಳ ಪಟ್ಟಿ ಖಾಲಿ. ವಿದ್ಯಾವತಿ ಕಪಾಟಿನಿಂದ ಕಾರ್ ರೇಸಿನ ಡಿಸ್ಕ್ ತೆಗೆದು ಹಾಕಿದಳು. ರಸ್ತೆಗಳ ಸಾಲಿನ ಕೊನೆಗೆ ಮರಳುಗಾಡು ಕಾಣಿಸಿತು. ಫೈಲಿನ ವಿವರ ತೆರೆದಳು. ಅಪ್‌ಡೇಟ್ ಹಾಕಿದ ದಿನ ನವೆಂಬರ್ ಆರು, ಶುಕ್ರವಾರ.

"ಈ ಡಿಸ್ಕ್ ಹೋದ ವರ್ಷದ್ದು. ಅದರಾಗ ಈ ರಸ್ತೆ ಇಲ್ಲ. ನೆಟ್ ಇಲ್ಲದ, ಹೊರಗ ಹೋಗದ ಡಬ್ಬಿಯೊಳಗ ಅದು ಹ್ಯಾಂಗ ಬಂತು?"

ಶ್ರೀಮಂತ ಪರದೆಯ ಕಡೆ ಬಗ್ಗಿ ನೋಡಿದ. "ಎಲ್ಲಾ ಅಳಿಸಿದ್ನಲ್ರಿ..."

"ಆಡಿದ್ದು ಅಳಿಸಿದಿ. ತಿದ್ದಿದ್ದು ಉಳೀತು."

ನರಸಿಂಗ ಊಟಕ್ಕೆ ಹೋದಾಗ ಕೀಲಿಯ ನಕಲು ಮಾಡಿಸಿದ್ದನ್ನೂ, ಅನ್ವರಿ ಭಾನುವಾರ ಊರಲ್ಲಿರುವುದಿಲ್ಲವೆಂದು ನರಸಿಂಗನ ಮಾತಿನಿಂದಲೇ ತಿಳಿದು, ಅಂದು ಬಂದು ಕನ್ಸೋಲ್ ಒಯ್ದದ್ದನ್ನೂ ಅವನು ಒಪ್ಪಿಕೊಂಡ.

*

ಸಂಜೆ ಠಾಣೆಯಲ್ಲಿ ವಿದ್ಯಾವತಿ ನರಸಿಂಗನಿಗೆ ತಾನೇ ಕುರ್ಚಿ ಎಳೆದು ಕೊಟ್ಟಳು.

"ನಿನ್ನ ಮ್ಯಾಲೆ ಸಂಶೇ ಪಟ್ಟಿದ್ದೆ. ತಪ್ಪಾತು."

ಅವನು ತನ್ನ ಚೀಲ ಎತ್ತಿಕೊಂಡ. ಬೆಳಗಿನಿಂದ ಬಾಗಿಲಲ್ಲೇ ಕಾಯುತ್ತಿದ್ದ ಅನ್ವರಿ ಒಳಗೆ ಬಂದು, ಅವನ ಕೈ ಹಿಡಿದು ಹೊರಗೆ ಕರೆದೊಯ್ದಳು.