ಒಂದು ಹೆಜ್ಜೆಗೆ ಎರಡು ತಾಳ

"ಎಳೀಬೇಡಿ! ಮೊದ್ಲು ಅವರ ಕೈ ಬಿಡಿ!"

ಹಿಂದಿನಿಂದ ಬಂದ ಆ ಗಂಡುದನಿ ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯ ಲಿಫ್ಟಿನ ಬಾಗಿಲಲ್ಲಿ ಅಪ್ಪ ಕಾಲು ನೆಲಕ್ಕೆ ಅಂಟಿಕೊಂಡವರ ಹಾಗೆ ನಿಂತುಬಿಟ್ಟಿದ್ದಾರೆ. ಬಾಗಿಲು ಎರಡು ಸಲ ಮುಚ್ಚಲು ಬಂದು, ಅವರ ಭುಜಕ್ಕೆ ತಾಗಿ ಹಿಂದೆ ಸರಿದಿದೆ. ಒಳಗಿದ್ದವರು ಮುಖ ಗಂಟಿಕ್ಕುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಬುದ್ಧಿ ಹೇಳೋಕೆ ಇವನ್ಯಾರು?

"ನಮ್ಮಪ್ಪ ಕಣ್ರೀ ಇವರು! ಏನ್ ಮಾಡ್ಬೇಕು ಅಂತ ನನಗೆ ಗೊತ್ತು!"

"ಗೊತ್ತಿದ್ದಿದ್ರೆ ಎಳೀತಿರ್ಲಿಲ್ಲ."

ಅಷ್ಟು ಹೇಳಿ ಅವನು ಅವಳನ್ನು ಬಿಟ್ಟು ಅಪ್ಪನ ಕಡೆ ಬಾಗಿದ. "ಯಜಮಾನ್ರೇ, ಏನ್ ಕೆಲ್ಸ ಮಾಡ್ತಿದ್ರಿ?"

"ಟೈಲರು..." ಅಪ್ಪನ ದನಿ ನಡುಗಿತು.

"ಕಾಲಲ್ಲಿ ತುಳಿಯೋ ಮಿಷಿನ್ನಾ?"

"ನಲವತ್ತು ವರ್ಷ ತುಳಿದಿದೀನಿ."

"ಹಾಗಾದ್ರೆ ಈಗ್ಲೂ ತುಳೀರಿ."

ಅವನು ಬೆರಳ ಗಂಟಿನಿಂದ ಬಾಗಿಲ ಚೌಕಟ್ಟಿನ ಮೇಲೆ ಬಡಿಯತೊಡಗಿದ. ಟಕ್... ಟಕ್... ಟಕ್... ಆತುರವಿಲ್ಲದ, ಒಂದೇ ಅಳತೆಯ ಬಡಿತ. ಐದನೆಯದಕ್ಕೆ ಅಪ್ಪನ ಬಲಗಾಲು ಎದ್ದಿತು. ಆರನೆಯದಕ್ಕೆ ಎಡಗಾಲು. ನೋಡನೋಡುತ್ತಿದ್ದಂತೆ ಅಪ್ಪ ಲಿಫ್ಟಿನ ಒಳಗಿದ್ದರು!

ಅವಳು ಥ್ಯಾಂಕ್ಸ್ ಹೇಳಬೇಕಿತ್ತು. ಹೇಳಲಿಲ್ಲ. ಸಿಟ್ಟು ಬಂದಾಗ ಅವಳಿಗೆ ಒಳ್ಳೆಯ ಮಾತು ಬಾಯಿಗೆ ಬರುವುದು ಮಾರನೆಯ ದಿನವೇ.

ಆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿ, ಕೇಳಿಸದವರಿಗೆ ಮಿಷಿನ್ ಹೊಂದಿಸಿ ಕೊಡುವುದು ಅವಳ ಕೆಲಸ. ಎಲ್ಲರೂ ಕರೆಯುವುದು 'ಕಿವಿ ಮೇಡಂ' ಅಂತ. ಅಪ್ಪನ ಎರಡೂ ಕಿವಿಗಳಲ್ಲಿದ್ದ ಪುಟ್ಟ ಮಿಷಿನ್‌ಗಳು ಅವಳೇ ಕೂರಿಸಿದ್ದು. ಕಿವಿಯ ಕಷ್ಟ ಅವಳ ಕೈಯಲ್ಲಿತ್ತು. ಕಾಲಿನದು ಇರಲಿಲ್ಲ. ಪಾರ್ಕಿನ್ಸನ್ ಕಾಯಿಲೆ. ಬಯಲಲ್ಲಿ ಹೇಗೋ ನಡೆಯುವ ಅಪ್ಪ ಬಾಗಿಲು ಕಂಡರೆ ಸಾಕು, ನಿಂತುಬಿಡುತ್ತಿದ್ದರು. ಮನೆಯಲ್ಲಿ ಎರಡು ಸಲ ಬಿದ್ದ ಮೇಲೆ ಅವರನ್ನು ಇದೇ ಆಸ್ಪತ್ರೆಗೆ ಸೇರಿಸಿದ್ದರು.

ಅಣ್ಣ ಖಡಾಖಂಡಿತವಾಗಿ ಹೇಳಿದ್ದ. "ಪುಟ್ಟಿ, ಇನ್ನೊಂದು ಸಲ ಬಿದ್ರೆ ಸೊಂಟ ಮುರಿಯುತ್ತೆ. ಶನಿವಾರದ ನಡಿಗೆ ಪರೀಕ್ಷೆಯಲ್ಲಿ ಅಪ್ಪ ಪಾಸಾದ್ರೆ ನಿನ್ ಜೊತೆ ಮನೆಗೆ. ಇಲ್ದಿದ್ರೆ ಆರೈಕೆ ಕೇಂದ್ರಕ್ಕೆ. ನನಗೂ ಹೊಟ್ಟೆ ಉರಿಯುತ್ತೆ ಕಣೇ, ಆದ್ರೆ ದಿನಾ ಭಯದಲ್ಲಿ ಬದುಕೋಕಾಗಲ್ಲ."

ಹತ್ತು ಮೀಟರ್ ದೂರ, ನಡುವೆ ಒಂದು ಬಾಗಿಲು. ಯಾರೂ ಮುಟ್ಟುವಂತಿಲ್ಲ, ಇಪ್ಪತ್ತು ಸೆಕೆಂಡಿನೊಳಗೆ ದಾಟಬೇಕು.

ಇನ್ನು ಆ ಲಿಫ್ಟಿನ ಮನುಷ್ಯ? ಸಂಗೀತದಿಂದ ಚಿಕಿತ್ಸೆ ಕೊಡುವುದಕ್ಕೆಂದು ಹೊಸದಾಗಿ ಸೇರಿಕೊಂಡವನು. ರೋಗಿಗಳು ಒಂದೇ ವಾರದಲ್ಲಿ 'ತಾಳದ ಮೇಷ್ಟ್ರು' ಅಂತ ಹೆಸರಿಟ್ಟಿದ್ದರು. ದೊಡ್ಡ ಡಾಕ್ಟರಮ್ಮ ಅಪ್ಪನನ್ನು ಒಪ್ಪಿಸಿದ್ದೂ ಅವನಿಗೇ!

ದಿನವೂ ಮಧ್ಯಾಹ್ನ ಮೂರು ಗಂಟೆಗೆ ಅಭ್ಯಾಸ. ಅವನು ಪುಟ್ಟ ಡ್ರಮ್ ಬಾರಿಸುವನು, ಅಪ್ಪ ನಡೆಯುವರು. ತನ್ನ ರೋಗಿಗಳನ್ನು ಮುಗಿಸಿ ಅವಳು ಮೂರೂವರೆಗೆ ಓಡಿಬರುವಳು.

"ಬರೀ ಬಡಿತಕ್ಕೆ ಕಾಲು ಹೇಗ್ರೀ ಏಳುತ್ತೆ?" ಒಂದು ದಿನ ತಡೆಯಲಾರದೆ ಕೇಳಿದಳು.

"ನಾವು ನಡೀವಾಗ ಮಿದುಳು ಒಳಗೊಳಗೇ ಲೆಕ್ಕ ಹಾಕ್ತಿರುತ್ತೆ ಮೇಡಂ, ಈಗ ಈ ಕಾಲು, ಈಗ ಆ ಕಾಲು ಅಂತ. ನಿಮ್ಮಪ್ಪನಿಗೆ ಆ ಲೆಕ್ಕ ನಡುವೆ ನಿಂತ್ಹೋಗುತ್ತೆ. ಹೊರಗಿನ ತಾಳ ಕಿವಿಯಿಂದ ಬೇರೆ ದಾರಿ ಹಿಡಿದು ಕಾಲಿಗೆ ಹೋಗುತ್ತೆ. ನಿಮಿಷಕ್ಕೆ ಎಂಬತ್ನಾಲ್ಕು. ಅವರು ಮಿಷಿನ್ ತುಳೀತಿದ್ದ ವೇಗ ಅದೇ."

"ಇನ್ನೂ ಚುರುಕಾಗಿ ಬಾರಿಸಿದ್ರೆ ಬೇಗ ನಡೀತಾರಾ?"

"ನಡೀತಾರೆ. ಬೀಳ್ತಾರೆ ಕೂಡ."

ಅವನು ನಕ್ಕ. ಅವಳ ಎದೆಯಲ್ಲಿ ಏನೋ ಅಲುಗಿತು. *ಛೇ! ಅಪ್ಪನ ಗತಿಯೇ ನೆಟ್ಟಗಿಲ್ಲ, ನಿನಗೆ ಇವನ ನಗು ಬೇಕಾಯ್ತಾ!* ಎಂದು ತನ್ನನ್ನೇ ಗದರಿಕೊಂಡಳು.

ಬುಧವಾರ. ಶನಿವಾರಕ್ಕೆ ಮೂರೇ ದಿನ.

ಅಪ್ಪ ಹಿಂದಿನ ದಿನ ತೆಗೆದುಕೊಂಡಿದ್ದು ಇಪ್ಪತ್ತಮೂರು ಸೆಕೆಂಡು. ಆ ಮೂರು ಸೆಕೆಂಡು ಅವಳ ನಿದ್ದೆ ಕೆಡಿಸಿತ್ತು. ಮೇಷ್ಟ್ರನ್ನು ಕೇಳಿದರೆ 'ಆಗಲ್ಲ' ಅನ್ನುತ್ತಾನೆ. ಆದರೆ ಅವಳು ಕಿವಿ ಮೇಡಂ ಅಲ್ಲವೇ? ಅಪ್ಪನ ಕಿವಿಯ ಮಿಷಿನ್‌ಗೆ ತನ್ನ ಫೋನಿನಿಂದಲೇ ಸದ್ದು ಕಳಿಸಬಹುದು. ಯಾರಿಗೂ ಕೇಳಿಸುವುದಿಲ್ಲ. ನಿಮಿಷಕ್ಕೆ ನೂರರ ತಾಳವನ್ನು ಹಾಕಿದಳು, ಫೋನನ್ನು ಕೋಟಿನ ಜೇಬಿಗೆ ಇಳಿಸಿದಳು.

*ಸ್ವಲ್ಪ ಚುರುಕಾಗ್ಲಿ, ಅಷ್ಟೇ...*

ಕೋಣೆಯಲ್ಲಿ ಮೇಷ್ಟ್ರು ಎಂದಿನಂತೆ ಡ್ರಮ್ ಬಾರಿಸಿದ. ಅಪ್ಪ ಹೊರಟರು. ಮೂರು ಹೆಜ್ಜೆ ಚೆನ್ನಾಗಿಯೇ ಇಟ್ಟರು. ನಾಲ್ಕನೆಯದಕ್ಕೆ ಕಾಲು ತಡವರಿಸಿತು, ಮೈ ಓಲಾಡಿತು...

"ಅಪ್ಪಾ!!"

ಹಣೆ ಬಾಗಿಲ ಅಂಚಿಗೆ ಬಡಿಯಿತು. ಮೇಷ್ಟ್ರು ಒಂದೇ ಜಿಗಿತಕ್ಕೆ ಹೋಗಿ ಅಪ್ಪನನ್ನು ತೊಡೆಯ ಮೇಲೆ ಎತ್ತಿಕೊಂಡ. ಅಪ್ಪ ಅವನ ಕಿವಿಯ ಹತ್ತಿರ ಏನೋ ಗೊಣಗಿದರು. ಅವನು ತಲೆ ಎತ್ತಿ ಒಂದು ಕ್ಷಣ ಅವಳನ್ನೇ ನೋಡಿದ.

ಅವಳಿಗೆ ರಕ್ತ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ನಿಮ್ಮಿಂದಲೇ ಆಗಿದ್ದು! ನಮ್ಮಪ್ಪನ ಮೇಲೆ ಪ್ರಯೋಗ ಮಾಡ್ತಿದೀರಾ? ಡ್ರಮ್ ಬಡಿದ್ರೆ ಕಾಯಿಲೆ ವಾಸಿಯಾಗುತ್ತಾ?"

ಓಡಿಬಂದ ನರ್ಸುಗಳು, ಅಣ್ಣ, ದೊಡ್ಡ ಡಾಕ್ಟರಮ್ಮ, ಎಲ್ಲರ ಎದುರೇ ಕೂಗಾಡಿದಳು. ಜೇಬಿನಲ್ಲಿದ್ದ ಫೋನು ಅವಳ ನೆನಪಿಗೇ ಬರಲಿಲ್ಲ. ನೆನಪಿಗೆ ಬರುವುದು ಅವಳಿಗೆ ಬೇಕಿರಲಿಲ್ಲ ಎಂದರೂ ತಪ್ಪಾಗದು.

"ಏನಾಯ್ತು ಹೇಳಿ," ಎಂದರು ಡಾಕ್ಟರಮ್ಮ ಅವನಿಗೆ.

"ತಾಳ ತಪ್ಪಿತು ಮೇಡಂ," ಎಂದ ಅವನು. ಮತ್ತೆ ಬಾಯಿ ಬಿಡಲಿಲ್ಲ.

ಅಪ್ಪನ ಹಣೆಗೆ ಎರಡು ಹೊಲಿಗೆ ಬಿತ್ತು. ವಿಚಾರಣೆ ಮುಗಿಯುವವರೆಗೆ ಮೇಷ್ಟ್ರು ಅಭ್ಯಾಸದ ಕೋಣೆಗೆ ಕಾಲಿಡುವಂತಿಲ್ಲ ಎಂದಾಯಿತು.

ಗುರುವಾರ ಬೆಳಿಗ್ಗೆ ಅಪ್ಪನಿಗೆ ಗಂಜಿ ಕುಡಿಸುತ್ತ ಕೂತಿದ್ದಳು. ಅಪ್ಪ ಚಮಚ ತಡೆದರು.

"ಪುಟ್ಟಿ, ನಿನ್ನೆ ಯಾಕಮ್ಮಾ ಹಂಗ್ ಮಾಡ್ದೆ?"

"ಏನ್ ಮಾಡ್ದೆ?"

"ಕಿವಿ ಒಳಗೆ ಓಡು ಓಡು ಅಂತಿತ್ತು. ಹೊರಗೆ ಮೇಷ್ಟ್ರು ನಿಧಾನ ನಿಧಾನ ಅಂತಿದ್ರು. ನಾನ್ ಯಾರ್ ಮಾತು ಕೇಳ್ಲಿ? ಬಲಗಾಲು ನಿನ್ ಮಾತು ಕೇಳ್ತು, ಎಡಗಾಲು ಅವರ ಮಾತು ಕೇಳ್ತು. ನಡುವೆ ನಾನು ಮಗುಚಿಕೊಂಡೆ."

ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

ಒಂದು ಹೆಜ್ಜೆಗೆ ಎರಡು ತಾಳ! ಕಿವಿಯ ಬಗ್ಗೆ ಊರಿಗೆಲ್ಲ ಪಾಠ ಹೇಳುವವಳು ತಾನು. ಎರಡು ಸದ್ದು ಒಟ್ಟಿಗೆ ಹೋದರೆ ಮಿದುಳು ಯಾವುದನ್ನು ಹಿಡಿಯಬೇಕು ಎಂದು ಒಂದು ಕ್ಷಣವಾದರೂ ಯೋಚಿಸಲಿಲ್ಲವಲ್ಲ!

"ಅಪ್ಪಾ... ಮೇಷ್ಟ್ರಿಗೆ ಇದನ್ನ ಹೇಳಿದ್ರಾ?"

"ಬಿದ್ದ ತಕ್ಷಣವೇ ಹೇಳ್ದೆ. ಎತ್ತಿಕೊಂಡಿದ್ದು ಅವರೇ ಅಲ್ವಾ?"

ಅಂದರೆ... ಅವಳು ಎಲ್ಲರೆದುರು ಅವನ ಮಾನ ಕಳೆಯುತ್ತಿದ್ದಾಗ ಅವನಿಗೆ ಎಲ್ಲವೂ ಗೊತ್ತಿತ್ತು!

ಅವಳು ಸಿಬ್ಬಂದಿಯ ಕೋಣೆಗೆ ಹೋದಾಗ ಮೇಷ್ಟ್ರು ಡ್ರಮ್ಮನ್ನು ಚೀಲಕ್ಕೆ ಹಾಕುತ್ತಿದ್ದ.

"ಯಾಕೆ ಸುಮ್ನಿದ್ರಿ?"

ಅವನು ಜಿಪ್ ಎಳೆಯುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನಿಮ್ಮನ್ನ ನಿಮ್ಮಪ್ಪನ ಹತ್ರ ಬಿಡ್ತಿರ್ಲಿಲ್ಲ. ಶನಿವಾರ ಅವರಿಗೆ ನೀವು ಬೇಕು. ನಾನಿಲ್ಲದಿದ್ರೂ ನಡೆಯುತ್ತೆ."

"ಯಾರ್ರೀ ಕೇಳಿದ್ರು ನಿಮ್ಮನ್ನ ಈ ಉಪಕಾರ?" "ನಾನು ಅಷ್ಟೆಲ್ಲ ಬೈತಿದ್ರೆ ಕಲ್ಲಿನ ಹಾಗೆ ನಿಂತಿದ್ರಲ್ಲ! ಒಂದು ಮಾತು, ಒಂದೇ ಒಂದು ಮಾತು ಹೇಳ್ಬಾರ್ದಿತ್ತಾ?"

ಈಗ ಅವನ ದನಿಯೂ ಏರಿತು. "ನೀವು ಒಂದು ಮಾತು ಹೇಳಿ ಆ ತಾಳ ಹಾಕ್ಬಾರ್ದಿತ್ತಾ? ನನ್ನ ನಂಬಲಿಲ್ಲ ನೀವು. ನನಗೆ ಬೇಜಾರಾಗಿದ್ದು ಬೈಗುಳಕ್ಕಲ್ಲ... ಅದಕ್ಕೆ."

ಅವಳು ಕಣ್ಣೀರನ್ನು ಅಂಗೈಯಿಂದ ಒರೆಸಿಕೊಂಡು ಸೀದಾ ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋದಳು. ಅಣ್ಣನನ್ನೂ ಕರೆಸಿದಳು. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು.

ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. "ನೀನೇನಾ ಪುಟ್ಟಿ? ನಿನ್ ಜೊತೆ ಅಪ್ಪನ್ನ ಹೇಗೇ ಕಳಿಸ್ಲಿ ನಾನು?"

ಆ ಮಾತು ಚೂರಿ ಹಾಕಿದಂತೆ ಇಳಿಯಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮೇಷ್ಟ್ರು ವಾಪಸ್ ಬರ್ಲಿ. ನಿನ್ನ ತಪ್ಪಿನ ವಿಚಾರಣೆ ಬೇರೆ ನಡೆಯುತ್ತೆ. ಪರೀಕ್ಷೆ ಶನಿವಾರವೇ. ಆದ್ರೆ ಡ್ರಮ್ ಬೇಡ, ಫೋನೂ ಬೇಡ. ಮನೆಯಲ್ಲಿ ನಿಮ್ಮಪ್ಪನ ಜೊತೆ ಇರೋಳು ನೀನು. ತಾಳ ನೀನೇ ಹಾಕು. ನಾನು ನೋಡ್ಬೇಕು."

ಶನಿವಾರ ಹತ್ತು ಗಂಟೆ. ಪರೀಕ್ಷೆಯ ಕೋಣೆಯ ಹೊರಗೆ ಅವಳು ಚಪ್ಪಾಳೆ ತಟ್ಟಲು ನೋಡಿದಳು. ಕೈ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು.

"ಆಗ್ತಿಲ್ಲ ಮೇಷ್ಟ್ರೇ! ನಾನು ಮತ್ತೆ ಬೀಳಿಸ್ತೀನಿ ಅವರನ್ನ!"

"ಕೈ ಕೊಡಿ." ಅವನು ಅವಳ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗೋಡೆಯ ಗಡಿಯಾರ ನೋಡಿದ. "ನೂರ ಹದಿನೆಂಟು. ಎದೆ ಓಡ್ತಿದೆ, ಕೈ ಅದರ ಹಿಂದೆ ಓಡ್ತಿದೆ. ಮೊದ್ಲು ಎದೆ ಇಳೀಬೇಕು. ನಾನು ಗುನುಗ್ತೀನಿ, ನನ್ನ ಜೊತೆ ಉಸಿರು ಬಿಡಿ. ಪೂರ್ತಿ ಬಿಡಿ."

ಮಾತಿಲ್ಲದ, ಉದ್ದನೆಯ, ತಗ್ಗು ಸ್ವರದ ಗುನುಗು. ಮೊದಲು ಅವಳ ಉಸಿರು ತುಂಡುತುಂಡಾಗಿ ಹೊರಬಂತು. ನಾಲ್ಕನೆಯ ಸಲಕ್ಕೆ ಭುಜ ಕೆಳಗಿಳಿಯಿತು. ಬಿಗಿದಿದ್ದ ದವಡೆ ಸಡಿಲವಾಯಿತು. ಎದುರಿನವನ ಸ್ವರ ತನ್ನ ಪಕ್ಕೆಲುಬಿನೊಳಗೇ ನಡುಗುತ್ತಿದೆ ಅನ್ನಿಸಿತು.

"ತೊಂಬತ್ತು," ಎಂದ ಅವನು. ಬೆರಳು ತೆಗೆಯುವುದನ್ನು ಮಾತ್ರ ಮರೆತ.

ಒಳಗೆ ಡಾಕ್ಟರಮ್ಮ ಕೈಗಡಿಯಾರದ ಗುಂಡಿ ಒತ್ತಿದರು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅವಳು ತಟ್ಟಿದಳು, ಅಪ್ಪ ನಡೆದರು. ಒಂದು, ಎರಡು, ಮೂರು... ಬಾಗಿಲು ಬಂತು.

ಅಪ್ಪ ನಿಂತುಬಿಟ್ಟರು.

ಹನ್ನೊಂದು ಸೆಕೆಂಡು. ಹನ್ನೆರಡು. ಅವಳ ಕೈ ಜೋರಾಗಿ ತಟ್ಟು ಎಂದು ಒದ್ದಾಡಿತು. ಮೇಷ್ಟ್ರ ಕಡೆ ನೋಡಿದಳು. ಅವನು ಸನ್ನೆ ಮಾಡಲಿಲ್ಲ, ತುಟಿ ಅಲುಗಿಸಲಿಲ್ಲ. ಸುಮ್ಮನೆ ಅವಳನ್ನು ನಂಬಿ ನಿಂತಿದ್ದ.

ಅವಳು ತಟ್ಟುವುದನ್ನು ನಿಲ್ಲಿಸಿದಳು!

ಅಣ್ಣ ಬೆಚ್ಚಿಬಿದ್ದ. ಅವಳು ಪೂರ್ತಿ ಉಸಿರು ಬಿಟ್ಟಳು. "ಅಪ್ಪಾ, ಆತುರ ಇಲ್ಲ. ದಾರ ಸಿಕ್ಕಿಕೊಂಡಿದೆ ಅಷ್ಟೇ. ಬಿಡಿಸಿಕೊಂಡು ಹೊರಡೋಣ. ಮೊದ್ಲು ಆ ಕಡೆಗೊಂದು ಸಲ ವಾಲಿ, ಈ ಕಡೆಗೊಂದು ಸಲ ವಾಲಿ..."

ಆಮೇಲೆ ಮತ್ತೆ ತಟ್ಟಿದಳು. ನಿಧಾನಕ್ಕೆ, ಒಂದೇ ಅಳತೆಗೆ. ಅಪ್ಪನ ಮೈ ಎಡಕ್ಕೆ ತೂಗಿತು, ಬಲಕ್ಕೆ ತೂಗಿತು. ಬಲಗಾಲು ಎದ್ದಿತು. ಹೊಸ್ತಿಲು ದಾಟಿತು. ಎಡಗಾಲೂ ದಾಟಿತು! ಆ ತುದಿಯಲ್ಲಿ ನಿಂತು ಅಪ್ಪ ತಿರುಗಿ ನೋಡಿದರು. ಪ್ಯಾಂಟು ಹೊಲಿದು ಮುಗಿಸಿದವರ ಹಾಗೆ ಮುಖದಲ್ಲಿ ನಗು.

"ಇಪ್ಪತ್ತಾರು ಸೆಕೆಂಡು," ಎಂದರು ಡಾಕ್ಟರಮ್ಮ.

ಆರು ಸೆಕೆಂಡು ಹೆಚ್ಚು. ಮುಗಿಯಿತು... ಅವಳು ಕಣ್ಣು ಮುಚ್ಚಿಕೊಂಡಳು.

"ಗಡಿಯಾರದ ಪ್ರಕಾರ ಫೇಲು," ಡಾಕ್ಟರಮ್ಮ ಅಣ್ಣನ ಕಡೆ ತಿರುಗಿದರು. "ಆದ್ರೆ ಬುಧವಾರ ಇವರು ಬಿದ್ದಿದ್ದು ಮಗಳ ಆತುರಕ್ಕೆ. ಇವತ್ತು ಅವಳು ಕಾದಳು, ಇವರು ಬೀಳಲಿಲ್ಲ. ಮನೆಯಲ್ಲಿ ಬೇಕಾಗಿರೋದು ಇದೇ. ನಾನು ಕಳಿಸ್ತೀನಿ. ನೀವೇನಂತೀರಿ?"

ಅಣ್ಣ ಅಪ್ಪನ ಹತ್ತಿರ ಹೋಗಿ ಅವರ ಕಾಲರ್ ಸರಿಮಾಡಿದ. "ಮನೆಗೆ ಕರ್ಕೊಂಡು ಹೋಗೇ ಪುಟ್ಟಿ. ಬಾಗಿಲುಗಳ ಪಕ್ಕ ಹಿಡ್ಕೊಳ್ಳೋಕೆ ಕಂಬಿ ನಾನು ಹಾಕಿಸ್ತೀನಿ."

ಅಪ್ಪನ ಸಾಮಾನು ಕಟ್ಟಿಯಾದ ಮೇಲೆ ಅವಳು ಕಾರಿಡಾರಿಗೆ ಬಂದಳು. ಮೇಷ್ಟ್ರು ಕಿಟಕಿಯ ಹತ್ತಿರ ನಿಂತಿದ್ದ.

"ಕ್ಷಮಿಸಿ," ಎಂದಳು. "ಎಲ್ಲರೆದುರು ಬೈದಿದ್ದೆ. ಎಲ್ಲರೆದುರೇ ಹೇಳ್ಲಾ?"

"ಬೇಡ. ನಾನೂ ಒಂದು ತಪ್ಪು ಮಾಡಿದೀನಿ. ನಿಮ್ಮಪ್ಪನ ಅಭ್ಯಾಸಕ್ಕೆ ಕೊಟ್ಟಿದ್ದು ಅರ್ಧ ಗಂಟೆ. ಮೂರೂವರೆಗೆ ಮುಗೀಬೇಕಿತ್ತು."

"ನೀವು ದಿನಾ ನಾಲ್ಕರವರೆಗೆ ಮಾಡ್ತಿದ್ರಲ್ಲ?"

"ನೀವು ಬರ್ತಿದ್ದಿದ್ದು ಮೂರೂವರೆಗೆ."

ಅವಳ ಕೆನ್ನೆ ಬಿಸಿಯಾಯಿತು. ಅವನು ಕಿಟಕಿಯ ಆಚೆ ನೋಡುತ್ತಲೇ ಹೇಳಿದ. "ನಾಳೆಯಿಂದ ನಿಮ್ಮಪ್ಪ ಇಲ್ಲಿರಲ್ಲ. ಅವರು ಗೆದ್ದಿದ್ದಕ್ಕೆ ಖುಷಿಯಾಯ್ತು. ಆಮೇಲೆ ಭಯವಾಯ್ತು. ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ. ಬೈದ ದಿನವೂ ಕಡಿಮೆಯಾಗ್ಲಿಲ್ಲ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾಳೆ ಮನೆಗೆ ಬನ್ನಿ."

"ಅಪ್ಪನ ಅಭ್ಯಾಸಕ್ಕಾ?"

"ಅಪ್ಪನಿಗೆ ನಾನಿದೀನಿ. ನೀವು ನನಗೋಸ್ಕರ ಬನ್ನಿ."

ಅವನು ಈಗ ಅವಳತ್ತ ತಿರುಗಿದ. ತಾಳದ ಮೇಷ್ಟ್ರ ಮಾತೇ ತಡವರಿಸಿತು.

"ಎ... ಎಷ್ಟು ಹೊತ್ತಿಗೆ ಬರ್ಲಿ?"

"ಬೇಗ ಬನ್ನಿ."

"ಎಷ್ಟು ಹೊತ್ತಿಗೆ ಹೊರಡ್ಬೇಕು?"

"ಹೊರಡೋ ಮಾತು ಯಾರಾಡಿದ್ರು?" ಎಂದಳು ಅವಳು.