ಸಾಯದ ಮಂಚಯ್ಯನ ಸಾವಿನ ಸುದ್ದಿ

ಕ್ಯಾತನಹಳ್ಳಿಯ ಮಂಚಯ್ಯ ತೀರಿಕೊಂಡ ಸುದ್ದಿ ಟಿವಿಯಲ್ಲಿ ಓಡುತ್ತಿದ್ದಾಗ ಮಂಚಯ್ಯ ತಮ್ಮ ಎಮ್ಮೆಗೆ ಕಬ್ಬಿನ ಸೋಗೆ ಹಾಕುತ್ತಿದ್ದರು. ಅದು ಹೇಮಶ್ರೀಯವರಿಗೆ ಗೊತ್ತಾದದ್ದು ಆಮೇಲೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಪಾಂಡವಪುರದ 'ಊರ ಸುದ್ದಿ' ಚಾನೆಲ್ಲಿನ ಕೆಳಗಡೆ ಆ ಸಾಲು ಹರಿದುಹೋದಾಗ ಅವರು ಕಾಫಿ ಲೋಟ ಹಿಡಿದೇ ನಿಂತುಬಿಟ್ಟರು. 'ನಿಧನ: ಕ್ಯಾತನಹಳ್ಳಿಯ ಕೇಬಲ್ ಮಂಚಯ್ಯ. ಅಂತ್ಯಕ್ರಿಯೆ ಇಂದು ಮಧ್ಯಾಹ್ನ ಒಂದಕ್ಕೆ, ಅವರ ಹೊಲದಲ್ಲಿ.'

ಮಂಚಯ್ಯ ಪಾಂಡವಪುರದ ಕಂಬ ಕಂಬವನ್ನೂ ಹತ್ತಿ ಚಾನೆಲ್ಲಿಗೆ ಮೊದಲ ತಂತಿ ಎಳೆದವರು. ಯಾವ ಮನೆಯಲ್ಲಾದರೂ ಕಾಯಿಲೆಯವರು ಮಲಗಿದ್ದಾರೆಂದು ತಿಳಿದರೆ ಕರೆಯದೆಯೇ ಬಂದು ಆ ಮನೆಯ ಲೈನು ನೋಡಿ ಹೋಗುತ್ತಿದ್ದರು. ಹೇಮಶ್ರೀ ಮಂಚಯ್ಯನವರ ನಂಬರಿಗೆ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಸಾವಿನ ಮನೆಯಲ್ಲಿ ಫೋನು ಯಾರು ಎತ್ತುತ್ತಾರೆ ಎಂದುಕೊಂಡು ಪಕ್ಕದ ಮನೆಯ ಚಿಕ್ಕಬೋರಮ್ಮನವರನ್ನು ಕರೆದರು.

ಚಿಕ್ಕಬೋರಮ್ಮ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರು ಯಾರಿಗೆ ಎಷ್ಟು ಹೊತ್ತಿಗೆ ಏನಂದರು ಎಂಬುದನ್ನು ಮರೆಯದ ತಲೆ. ಸರ್ವೆ ಕಲ್ಲು ಜರುಗಿದರೂ, ಓಲೆ ಕಳೆದರೂ, ಅಳಿಯ ಮಾಯವಾದರೂ ಸುತ್ತಲಿನವರು ಬಂದು ಕೂರುತ್ತಿದ್ದುದು ಅವರ ಜಗಲಿಯಲ್ಲೇ. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಹೇಮಶ್ರೀ ಹನ್ನೆರಡು ವರ್ಷಗಳಿಂದ ಆ ಜಗಲಿಯ ಇನ್ನೊಂದು ತುದಿಯಲ್ಲಿದ್ದರು.

ಚಾನೆಲ್ಲಿನ ಆಫೀಸು ಎದುರಿನ ಮಹಡಿಯಲ್ಲೇ. ಹನ್ನೊಂದೂ ಇಪ್ಪತ್ತಕ್ಕೆ ಪಾಲುದಾರ ಶಿವಶಂಕರ್ ಜೀಪು ತಂದು ನಿಲ್ಲಿಸಿದ. ಭಾನುವಾರ ಅವನ ಮಗಳು ಚಿನ್ನುವಿನ ಮದುವೆ. ಹೆಗಲ ಮೇಲೆ ತೆಂಗಿನ ಗರಿಯ ಚೂರು, ಮಣಿಕಟ್ಟಿನಲ್ಲಿ ಹೊಸ ಅರಿಶಿನದ ದಾರ, ತೋಳಿಗೆ ಮದುವೆ ಕಾರ್ಡುಗಳ ಹಳದಿ ಚೀಲ. ಆಫೀಸಿನಿಂದ ಇನ್ನೊಬ್ಬ ಪಾಲುದಾರಳಾದ ಅರ್ಪಿತ ಇಳಿದಳು. ಚಾನೆಲ್ ನಡೆಸುತ್ತಿದ್ದ ತಂದೆ ಸಿದ್ದರಾಜು ತೀರಿಕೊಂಡ ಮೇಲೆ ಸುದ್ದಿ ಓದುವವಳೂ ಅವಳೇ. ಹಿಂದೆ, ಪರದೆಯ ಮೇಲೆ ಓಡುವ ಸಾಲುಗಳನ್ನು ಟೈಪು ಮಾಡುವ ಸಹನ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು.

"ಹತ್ತಿ, ಹತ್ತಿ, ಒತ್ತಾಯ್ತದೆ," ಎಂದ ಶಿವಶಂಕರ್. "ಬೀಗ ನಾನ್ ಆಕ್ಕೊಂಡ್ ಬತ್ತೀನಿ. ಅವ್ವಾರೇ, ನೀವೂ ಬನ್ನಿ." ಹೇಮಶ್ರೀಯೂ ಚಿಕ್ಕಬೋರಮ್ಮನೂ ಜೀಪು ಹತ್ತಿದರು.

ಕ್ಯಾಮೆರಾ ಹಿಡಿಯುವ ಅಶೋಕ್, "ಊವಿನ ಆರ ತಕ್ಕೊಂಡು ಬೈಕಲ್ಲಿ ಬತ್ತೀನಿ" ಎಂದು ಹೋಗಿಬಿಟ್ಟಿದ್ದ. ಅವನು ಕ್ಯಾತನಹಳ್ಳಿಗೆ ಬಂದದ್ದು ಜೀಪು ಬಂದ ಅರ್ಧ ಗಂಟೆಯ ಮೇಲೆ.

ಊರು ಮುಟ್ಟುತ್ತಲೇ ಶಿವಶಂಕರನೇ ಮೊದಲು ಇಳಿದು ಅಂಗಳಕ್ಕೆ ನುಗ್ಗಿದ. ಉಳಿದವರು ಹಿಂದೆ ಓಡಿದರು. ಕೊಟ್ಟಿಗೆಯಿಂದ ಮಂಚಯ್ಯ ಹೊರಗೆ ಬಂದರು.

"ಯಾಕ್ರವ್ವಾ, ಯಾರ್ಗೇನಾಯ್ತು?"

ಸಹನ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮಂಚಣ್ಣಾ! ನೀನು ಸತ್ತೋದೆ ಅಂತ ನಮ್ ಟಿವಿಲೇ ಬಂತಲ್ಲೋ!"

"ನಂಗೇ ಏಳ್ದೆ ಎಂಗವ್ವಾ ಸಾಯಾದು?" ಎಂದು ಮಂಚಯ್ಯ ನಕ್ಕರು. ಆಮೇಲೆ ಎಲ್ಲರ ಮುಖ ನೋಡಿ ಅವರ ನಗು ನಿಂತುಹೋಯಿತು. "ಫೋನು ಒಳಗಿತ್ತು. ಕೂತ್ಕಳಿ, ಮಜ್ಜಿಗೆ ಕುಡೀರಿ. ಬಿಸ್ಲಲ್ಲಿ ಬಂದಿದ್ದೀರಿ."

ತಮ್ಮ ಸಾವಿಗೆ ಬಂದವರಿಗೆಲ್ಲ ಅವರು ಮಜ್ಜಿಗೆ ಕೊಟ್ಟೇ ಕಳಿಸಿದರು.

ಎರಡು ಗಂಟೆಗೆ ಅರ್ಪಿತ ಚಿಕ್ಕಬೋರಮ್ಮನವರ ಜಗಲಿ ಹತ್ತಿದಳು. ಅಳು ಇರಲಿಲ್ಲ. ಕೋಪದಲ್ಲಿ ನಿಂತಲ್ಲೇ ಶುರುಮಾಡಿದಳು.

"ದೊಡ್ಡವ್ವಾ, ಕ್ವಾರಿ ವರದಿ ಇದ್ದ ಹಾರ್ಡ್ ಡಿಸ್ಕ್ ಇಲ್ಲ. ಬೀಗ ಹಾಕ್ದಂಗೇ ಐತೆ, ಒಳಗೆ ಡಿಸ್ಕ್ ಇಲ್ಲ. ಇವತ್ತು ಏಳು ಗಂಟೆಗೆ ಆ ವರದಿ ಪ್ರಸಾರ ಆಗ್ಲೇಬೇಕು. ನಾಳೆಯಿಂದ ಚಾನೆಲ್ ನಮ್ಮದಲ್ಲ."

ಅದೇನೆಂದು ಹೇಮಶ್ರೀಗೆ ಬಿಡಿಸಿ ಹೇಳಬೇಕಿರಲಿಲ್ಲ. ಎರಡು ವರ್ಷದಲ್ಲಿ ಐಕ್ಯ ಮೀಡಿಯಾ ಎಂಬ ಕಂಪನಿ ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದ ಚಾನೆಲ್ಲುಗಳನ್ನು ಒಂದೊಂದಾಗಿ ನುಂಗಿತ್ತು. ಮೂರೂ ಊರಿಗೆ ಮೈಸೂರಿನ ಒಂದೇ ಕೋಣೆಯಿಂದ ಒಬ್ಬಳೇ ಹುಡುಗಿ ಒಂದೇ ಸುದ್ದಿ ಓದುತ್ತಿದ್ದಳು. ಸಿಂಧಘಟ್ಟದ ಹತ್ತಿರ ಶಾಲೆಯ ಆಟೊ ಮಗುಚಿಬಿದ್ದ ದಿನ, ನಮ್ಮ ಮಕ್ಕಳೇನಾದರೋ ಎಂದು ಕೆ.ಆರ್.ಪೇಟೆಯ ತಾಯಂದಿರು ಟಿವಿ ಹಾಕಿದರೆ ಮೈಸೂರಿನ ಒಡವೆ ಅಂಗಡಿಯ ಉದ್ಘಾಟನೆ ಬರುತ್ತಿತ್ತು. ನಾಲೆಗೆ ನೀರು ಯಾವತ್ತು, ಆಸ್ಪತ್ರೆಗೆ ಡಾಕ್ಟರು ಯಾವತ್ತು, ಯಾರು ತೀರಿಕೊಂಡರು, ಒಂದೂ ಇಲ್ಲ. ಕೊನೆಗೆ ಪಾಂಡವಪುರದ ಕೇಬಲ್ ಲೈನುಗಳನ್ನೂ ಐಕ್ಯ ಕೊಂಡುಕೊಂಡಿತು. ಲೈನೇ ಇಲ್ಲದ ಮೇಲೆ ಚಾನೆಲ್ಲು ಇಟ್ಟುಕೊಂಡು ಮಾಡುವುದೇನು? ಶಿವಶಂಕರ್ ನಗುತ್ತ, ಅರ್ಪಿತ ಅಳುತ್ತ ಮಾರಾಟಕ್ಕೆ ಸಹಿ ಹಾಕಿದ್ದರು.

ಕೊನೆಯ ದಿನಕ್ಕೆಂದು ಅರ್ಪಿತ ಒಂದು ವರದಿ ಇಟ್ಟುಕೊಂಡಿದ್ದಳು. ಚಿನಕುರಳಿಯ ಬಳಿಯ ಒಂದು ಕಲ್ಲು ಕ್ವಾರಿಯ ಸಿಡಿತಕ್ಕೆ ಬಿರುಕುಬಿಟ್ಟ ಹತ್ತೊಂಬತ್ತು ಮನೆಗಳು. ಆರು ತಿಂಗಳ ಚಿತ್ರೀಕರಣ, ಎಲ್ಲ ಆ ಡಿಸ್ಕಿನಲ್ಲಿ. ಆ ಕ್ವಾರಿಯ ಮಾಲೀಕ ಐಕ್ಯದ ಪಾಲುದಾರರಲ್ಲೊಬ್ಬ.

"ಇನ್ನೊಂದು ಕಾಪಿ ಇಲ್ವೇನಮ್ಮ?" ಎಂದು ಹೇಮಶ್ರೀ ಕೇಳಿದರು.

"ಹಳೇ ಕಂಪ್ಯೂಟರಲ್ಲಿತ್ತು ಮೇಡಂ. ಹೊಸದು ಹಾಕ್ತೀವಿ ಅಂತ ಐಕ್ಯದವರು ನೆನ್ನೆ ಹೊತ್ಕೊಂಡು ಹೋದ್ರು. ಸ್ಟೇಷನ್ನಿಗೆ ದೂರು ಕೊಡ್ತೀನಿ, ಆದ್ರೆ ಹುಡುಕೋ ಹೊತ್ತಿಗೆ ಏಳು ಗಂಟೆ ಕಳೆದಿರ್ತದೆ."

"ಆ ಸಾವಿನ ಸಾಲು ಯಾರ್ ಆಕುದ್ರು?" ಎಂದರು ಚಿಕ್ಕಬೋರಮ್ಮ.

"ಸಹನನ ಪಾಸ್‌ವರ್ಡಿಂದ ಹೋಗೈತೆ. ನಾನೇ ಹಾಕಿರ್ಬೇಕು ಅನ್ಕೊಂಡ್ಲಂತೆ ಅವಳು. ಪಾಸ್‌ವರ್ಡ್ ಗೋಡೆ ಮೇಲೆ ಅಂಟಿಸೈತೆ, ಎಲ್ರಿಗೂ ಗೊತ್ತು. ಈಗ ಯಾರ್ ಬೇಕಾದ್ರೂ ಫೋನಿಂದ್ಲೂ ಹಾಕ್ಬೋದು."

ಚಿಕ್ಕಬೋರಮ್ಮ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಐದ್ ಗಂಟೆಗೆ ಎಲ್ರುನೂ ಆಫೀಸ್ಗೆ ಕರಿ. ಮಂಚಣ್ಣನ್ನೂ ಕರಿ. ಬೀಗದ ಕೈ ಇಸ್ಕಳಕ್ಕೆ ಐಕ್ಯದ ಮ್ಯಾನೇಜರು ಎಂಗೂ ಬತ್ತಾನಲ್ಲ. ಹೇಮಶ್ರೀ, ನೀನು ಅಶೋಕನ ಅರ್ಧ ಗಂಟೆ ಎಲ್ಲೋಯ್ತು ನೋಡು. ನಾನು ಒಬ್ರ ಅಟ್ಟಿ ಬಾಗ್ಲಿಗೆ ಓಗಿ ಬತ್ತೀನಿ."

ಹೇಮಶ್ರೀಗೆ ಅಶೋಕನ ಮೇಲೇ ಅನುಮಾನ. ಹೂವಿನಂಗಡಿಯಾಕೆ, "ಆರ ತಕ್ಕಂಡು ಎಲ್ಡೇ ನಿಮ್ಸಕ್ಕೆ ಓದ ಕಣ್ರವ್ವ" ಎಂದಾಗ ಅದು ಇನ್ನೂ ಗಟ್ಟಿಯಾಯಿತು. ಆದರೆ ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ವಿಚಾರಿಸಿದಾಗ ಬೇರೆಯೇ ತಿಳಿಯಿತು. ಅಲ್ಲಿ ಮಂಚಯ್ಯನ ಅಕ್ಕ ಇದ್ದರು, ಎಂಬತ್ತು ದಾಟಿದವರು. ಟಿವಿ ನೋಡಿ ಒಬ್ಬರೇ ಕುಸಿದಾರೆಂದು ಅಶೋಕ್ ಮೊದಲು ಅಲ್ಲಿಗೆ ಓಡಿ, ನೀರು ಕುಡಿಸಿ, ಪಕ್ಕದ ಮನೆಯವರನ್ನು ಕೂರಿಸಿ ಹೋಗಿದ್ದ. ಸುದ್ದಿ ಸುಳ್ಳೆಂದು ಗೊತ್ತಾದ ಮೇಲೆ ಮೊದಲು ಬಂದು ಹೇಳಿದ್ದೂ ಅವರಿಗೇ. ಯಾಕಪ್ಪ ಯಾರಿಗೂ ಹೇಳಲಿಲ್ಲ ಎಂದರೆ, "ಅದುನ್ನೇನ್ ಏಳಾದು ಮೇಡಂ" ಎಂದು ತಲೆ ಕೆರೆದುಕೊಂಡ. ಅನುಮಾನಪಟ್ಟದ್ದಕ್ಕೆ ಹೇಮಶ್ರೀಗೆ ನಾಚಿಕೆಯಾಯಿತು.

ಐದಕ್ಕೆ ಆಫೀಸು ತುಂಬಿತು. ಐಕ್ಯದ ಮ್ಯಾನೇಜರ್ ನಿಂಗರಾಜು ಕುರ್ಚಿಯಲ್ಲಿ ಒರಗಿ ಫೋನು ನೋಡುತ್ತಿದ್ದ. ಶಿವಶಂಕರ್ ಹಳದಿ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದ. ಸಹನ, ಅಶೋಕ್ ಗೋಡೆಗೆ ಒರಗಿದ್ದರು. ಮಂಚಯ್ಯ ಬಾಗಿಲಲ್ಲಿ. ಕೊನೆಗೆ ಚಿಕ್ಕಬೋರಮ್ಮ ಬಂದರು, ಜೊತೆಯಲ್ಲಿ ಶಿವಶಂಕರನ ತಾಯಿ ದೊಡ್ಡತಾಯಮ್ಮ.

"ಅವ್ವನ್ನ ಯಾಕ್ ಕರ್ಕಬಂದ್ರಿ?" ಶಿವಶಂಕರ್ ಎದ್ದ. "ಅಟ್ಟಿ ತುಂಬ ನೆಂಟ್ರವ್ರೆ."

"ಕೂತ್ಕಳ್ಳಾ ಶಿವು, ವಸಿ ಒತ್ತು," ಎಂದರು ಚಿಕ್ಕಬೋರಮ್ಮ.

ನಿಂಗರಾಜು ತಲೆಯೆತ್ತಿದ. "ಅಮ್ಮಾ, ಇದು ಆಫೀಸು. ಕತೆ ಹೇಳೋ ಜಾಗ ಅಲ್ಲ."

"ನಾಳಿಂದ ನಿಂದು ಕಣಪ್ಪ, ಇವತ್ತು ಇವ್ರದು," ಎಂದು ಅವರು ಗೋಡೆಯ ಕಡೆ ತಿರುಗಿದರು. "ಆಫೀಸು ಖಾಲಿ ಆಗ್ಲಿ ಅಂತ ಸುಳ್ಳು ಸಾವು ಆಕುದ್ರು, ಆಗ ಯಾರೋ ನುಗ್ಗಿ ಕದ್ರು. ನೀವೆಲ್ಲ ಅಂಗೇ ಅನ್ಕಂಡ್ರಿ. ಅಂಗೇ ಅನ್ಕಳ್ಳಿ ಅಂತ್ಲೇ ಮಾಡಿರಾದು. ಬೀಗ ಒಡೆದಿಲ್ಲ. ಹೊರಗಿನ ಕಳ್ಳ ಬೀಗ ತೆಗೆದು, ಕದ್ದು, ತಿರ್ಗ ಹಾಕ್ಬುಟ್ಟು ಹೋಯ್ತಾನಾ? ಡಿಸ್ಕು ಹೋಗಿದ್ದು ನಾವು ಜೀಪು ಹತ್ತುವಾಗ್ಲೇ."

ಚಿಕ್ಕಬೋರಮ್ಮ ನಿಂಗರಾಜುವಿನ ಕುರ್ಚಿಯ ಕಡೆ ಬೆರಳು ತೋರಿಸಿದರು.

"ನಿಂಗರಾಜಪ್ಪಂಗೆ ಇದ್ರಿಂದ ಲಾಭ ಐತೆ. ಆದ್ರೆ ಅವನು ಮೈಸೂರೋನು. ಯಾರ್ ಸತ್ರೆ ಈ ಆಫೀಸು ಒಬ್ರೂ ಬುಡದಂಗೆ ಎದ್ದೋಡ್ತದೆ ಅಂತ ಅವನಿಗೇನು ಗೊತ್ತು? ಮಂಚಣ್ಣನ ಹೆಸ್ರು ಆರಿಸ್ದೋನು ಈ ಆಫೀಸ್ನೋನೇ. ಸಹನ ಮಾಡಿದ್ರೆ ತನ್ನ ಹೆಸ್ರಲ್ಲೇ ಮಾಡ್ತಿದ್ಲಾ? ಅಶೋಕನ ಅರ್ಧ ಗಂಟೆ ಎಲ್ಲೋಯ್ತು ಅಂತ ಹೇಮಶ್ರೀಗೆ ಗೊತ್ತು, ನಂಗೂ ಗೊತ್ತು. ಅಂಥ ಮಗ ಎಲ್ರ ಅಟ್ಟೀಲೂ ಇರ್ಲಿ."

ಅವರು ದೊಡ್ಡತಾಯಮ್ಮನ ಪಕ್ಕ ಕೂತರು. "ಅಕ್ಕಯ್ಯಾ, ನಿಮ್ಮಟ್ಟಿ ಚಪ್ಪರ ಯಾವತ್ತಾಕುದ್ರಿ?"

"ಇವತ್ತೇ ಬೆಳಗ್ಗೆ ಕಣವ್ವ. ಶಾಸ್ತ್ರ ಮಾಡಿ ಎಲ್ರಿಗೂ ದಾರ ಕಟ್ಟುದ್ವಿ."

"ಚಪ್ಪರದ ಅಟ್ಟಿಯೋರು ಸಾವಿನ ಅಟ್ಟಿ ಮೆಟ್ತಾರಾ?"

"ಶಿವ ಶಿವ! ಎಲ್ಲಾದ್ರೂ ಉಂಟೇ?"

"ಮತ್ತೆ ಮಗನ್ನ ಎಂಗೆ ಕಳ್ಸುದ್ರಿ?"

"ನಾ ಅಡ್ಡ ನಿಂತ್ಕಂಡೆ ಕಣವ್ವ," ಎಂದರು ಆ ಮುದುಕಿ, ಮಗನ ಕಡೆ ನೋಡುತ್ತ, ಯಾವ ಕಪಟವೂ ಇಲ್ಲದೆ. "ಟಿವೀಲಿ ನಾನೂ ನೋಡ್ದೆ. ಮಂಚಣ್ಣ ಸತ್ತವ್ನೆ, ನೀ ಓಗ್ಬ್ಯಾಡ, ಮಗೀಗೆ ಕೆಟ್ಟದಾಯ್ತದೆ ಅಂತ ಅತ್ತೆ. ಇವನೇ ಕಿವೀಲಿ ಏಳ್ದ, 'ಅಳಬ್ಯಾಡ ಕಣವ್ವ, ಅವನ್ಗೇನೂ ಆಗಿಲ್ಲ, ಸಾವಿಲ್ಲ ಏನಿಲ್ಲ' ಅಂತ. ಆಮ್ಯಾಕೆ ಬುಟ್ಟೆ..."

ಮಾತಿನ ಕೊನೆಗೆ ಬರುವಷ್ಟರಲ್ಲಿ ಅವರಿಗೇ ತಿಳಿಯಿತು. ಆ ಮುಖ ನೋಡಲಾಗದೆ ಹೇಮಶ್ರೀ ಕಿಟಕಿಯ ಕಡೆ ತಿರುಗಿದರು. ತಾಯಿಯ ಕಣ್ಣೀರು ನೋಡಲಾರದೆ ಆಡಿದ ಒಂದು ಒಳ್ಳೆಯ ಮಾತೇ ಅವನನ್ನು ಹಿಡಿದುಕೊಟ್ಟಿತ್ತು.

ಚಿಕ್ಕಬೋರಮ್ಮನ ದನಿಯೂ ಇಳಿದಿತ್ತು. "ಹನ್ನೊಂದೂ ಇಪ್ಪತ್ತಕ್ಕೆ ಈ ಊರಲ್ಲಿ ಎಲ್ರೂ ಅಳ್ತಿದ್ರು. ಮಂಚಣ್ಣ ಬದುಕವ್ನೆ ಅಂತ ಗೊತ್ತಿದ್ದೋನು ಒಬ್ನೇ. ಹೋಗ್ದೆ ಇರಕ್ಕೆ ನಿಂಗೆ ಚಪ್ಪರದಂಥ ನೆಪ ಇತ್ತು ಶಿವು. ಆದ್ರೆ ಎಲ್ರೂ ಹೋಗಿ ನೀನೊಬ್ನೇ ಊರಲ್ಲಿ ಉಳಿದಿದ್ರೆ ಮೊದ್ಲು ಕೇಳಾದು ನಿನ್ನೇ ಅಲ್ವಾ? ಅದ್ಕೇ ಬಂದೆ. ಬೀಗ ಹಾಕ್ತೀನಿ ಅಂತ ಹಿಂದೆ ಉಳ್ಕಂಡೆ. ಅರಿಶಿನದ ದಾರ ಕಟ್ಕಂಡು ಎಲ್ರಿಗಿಂತ ಮುಂದೆ ಆ ಅಂಗಳಕ್ಕೆ ನುಗ್ದೆ, ಒಂದು ಕ್ಷಣ ಹಿಂಜರೀದೆ. ಇನ್ನೊಂದು ಕೇಳ್ತೀನಿ. ಸಾವಿನ ಅಟ್ಟಿಗೆ ಮದುವೆ ಕಾರ್ಡಿನ ಚೀಲ ತಕ್ಕಂಡು ಬರೋರುಂಟೇನ್ಲಾ?"

ಶಿವಶಂಕರ್ ಚೀಲವನ್ನು ಎದೆಗೆ ಒತ್ತಿಕೊಂಡ. ದೊಡ್ಡತಾಯಮ್ಮ ಎದ್ದು ಹೋಗಿ ಅವನ ಕೈಯಿಂದ ಅದನ್ನು ಕಿತ್ತುಕೊಂಡರು. ಮೇಜಿನ ಮೇಲೆ ಸುರಿದರು. ಮೊಮ್ಮಗಳ ಹೆಸರಿನ ಕಾರ್ಡುಗಳ ನಡುವೆ ಕಪ್ಪು ಡಿಸ್ಕು ಟಪ್ಪೆಂದು ಬಿತ್ತು.

"ಐಕ್ಯದವರು ನಾಲ್ಕು ಊರಿಗೂ ನನ್ನೇ ಮುಖ್ಯಸ್ಥ ಮಾಡ್ತೀವಿ ಅಂದಿದ್ರು," ಎಂದ ಶಿವಶಂಕರ್, ಯಾರ ಮುಖವನ್ನೂ ನೋಡದೆ. "ಇದು ಪ್ರಸಾರ ಆದ್ರೆ ಎಲ್ಲ ಕ್ಯಾನ್ಸಲ್ ಅಂತ ಈ ನಿಂಗರಾಜು..."

"ನನ್ ಹೆಸರು ಎತ್ಬೇಡಿ!" ಎಂದ ನಿಂಗರಾಜು.

"ನಾ ಕಂಬ ಹತ್ತುವಾಗ ಏಣಿ ಹಿಡ್ಕತಿದ್ದೋನು ನೀನು," ಎಂದರು ಮಂಚಯ್ಯ ಬಾಗಿಲಿಂದ. "ಒಂದ್ ಮಾತು ಕೇಳಿದ್ರೆ ನಾನೇ ನಿನ್ ಪರವಾಗಿ ಅರ್ಪಿತವ್ವನ ಕೂಡೆ ಮಾತಾಡ್ತಿದ್ದೆನಲ್ಲೋ. ನನ್ನ ಸಾಯಿಸ್ಬೇಕಿತ್ತಾ?"

ಶಿವಶಂಕರ್ ಮೇಜಿನ ಮೇಲಿನ ಕಾರ್ಡುಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ನಿಂಗರಾಜು ಫೋನು ಕಿವಿಗಿಟ್ಟುಕೊಂಡು ದಡದಡನೆ ಮೆಟ್ಟಿಲಿಳಿದ.

ಏಳು ಗಂಟೆಗೆ ಅರ್ಪಿತ ಸುದ್ದಿ ಶುರುಮಾಡಿದಳು. ಚಿನಕುರಳಿಯ ಮನೆಗಳು ಬಂದವು. ಒಂದು ಗೋಡೆಯ ಬಿರುಕಿನೊಳಗೆ ಮುಂಗೈ ತನಕ ಕೈ ತೂರಿಸಿ ತೋರಿಸಿದರು ಕುಳ್ಳಮ್ಮ ಎಂಬ ಹೆಂಗಸು. ಜಗಲಿಯ ಬಾಗಿಲು ತೆರೆದಿಟ್ಟು ನೋಡುತ್ತಿದ್ದ ಹೇಮಶ್ರೀ ಗಡಿಯಾರ ನೋಡಿಕೊಂಡರು. ಏಳೂ ಹನ್ನೆರಡಕ್ಕೆ ಪರದೆ ನೀಲಿಯಾಯಿತು. ಲೈನು ಐಕ್ಯದ್ದು. ಮೈಸೂರಿನಲ್ಲಿ ಕೂತು ಯಾರೋ ಒಂದು ಗುಂಡಿ ಒತ್ತಿದ್ದರು, ಅಷ್ಟೆ.

ಬೀದಿಯುದ್ದಕ್ಕೂ ಬಾಗಿಲುಗಳು ತೆರೆದವು. "ನಿಮ್ದೂ ಓಯ್ತಾ?" "ನಮ್ದೂ ಓಯ್ತು!" "ಬೇಕಂತ್ಲೇ ಕಿತ್ತವ್ರೆ ಕಣ್ಲಾ, ಬೇವರ್ಸಿಗಳು!"

ಹೇಮಶ್ರೀ ಆಫೀಸಿನ ಮೆಟ್ಟಿಲ ಬುಡಕ್ಕೆ ಬರುವಷ್ಟರಲ್ಲಿ ಅಶೋಕ್ ಮತ್ತು ಸಹನ ದೊಡ್ಡ ಟಿವಿಯನ್ನು ಇಳಿಸುತ್ತಿದ್ದರು. ಟಿವಿ ಇಡಲು ಇಸ್ತ್ರಿಯವನು ತನ್ನ ಗಾಡಿ ಖಾಲಿ ಮಾಡಿಕೊಟ್ಟ. ಮಹಡಿಯಿಂದ ಮಂಚಯ್ಯ ನೇರ ಟಿವಿಗೇ ತಂತಿ ಇಳಿಬಿಟ್ಟರು. ದೊಡ್ಡತಾಯಮ್ಮ ಚಪ್ಪರದಡಿಯ ಮದುವೆ ಕುರ್ಚಿಗಳನ್ನು ಕಳಿಸಿದ್ದರು. ಹೊತ್ತು ತಂದವರಲ್ಲಿ ಶಿವಶಂಕರನೂ ಇದ್ದ. ಅವನನ್ನು ಯಾರೂ ಮಾತಾಡಿಸಲಿಲ್ಲ. ಅವನು ಕುರ್ಚಿ ಹಾಕಿ ಮತ್ತೆ ತರಲು ಹೋದ.

ಅರ್ಪಿತ ವರದಿಯನ್ನು ಮೊದಲಿನಿಂದ ಹಾಕಿದಳು. ರಸ್ತೆ ತುಂಬ ಜನ. ಬಸ್ಸೊಂದು ಹಾರ್ನ್ ಮಾಡಿ, ಮಾಡಿ, ಕೊನೆಗೆ ಡ್ರೈವರೇ ಇಂಜಿನ್ ಆರಿಸಿ ಕಿಟಕಿಯಿಂದ ನೋಡತೊಡಗಿದ. ಪರದೆಯ ಮೇಲೆ ಕುಳ್ಳಮ್ಮ ಮಾತಾಡುತ್ತಿದ್ದರು, ಮೆಲ್ಲಗೆ, ಹೆದರಿ ಹೆದರಿ.

ಹಿಂದಿನ ಸಾಲಿನಲ್ಲಿ ನಿಂತಿದ್ದ ಹೇಮಶ್ರೀ ಕುರ್ಚಿಯೊಂದನ್ನು ಹಿಡಿದು ಬೆರಳ ತುದಿಯಲ್ಲಿ ಎದ್ದು ನಿಂತರು. ಗಂಟಲು ಬಿರಿಯುವಂತೆ ಕೂಗಿದರು.

"ಸೌಂಡು ಜೋರು ಮಾಡಮ್ಮಾ ಅರ್ಪಿತಾ! ನಾಗಮಂಗಲಕ್ಕೂ ಕೇಳ್ಲಿ!"